ಗಾಳಿಗೆ ಗಟ್ಟಿಯಾಗುವ ಕಲ್ಲು: ಕಾಸರಗೋಡಿನ ಮುರಕಲ್ಲಿನ ಚರಿತ್ರೆ

ಕಾಸರಗೋಡಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸುಮನೆತನಗಳಿಂದ ಆರಂಭಿಸುತ್ತಾರೆ, ಇಲ್ಲವೇ ಭಾಷೆಯ ಗಡಿಯಿಂದ. ಕುಂಬಳೆಯ ಅರಸರು, ಇಕ್ಕೇರಿಯ ನಾಯಕರು, ಹೈದರ್ ಮತ್ತು ಟಿಪ್ಪು, ಕಂಪೆನಿ ಸರಕಾರ, 1956ರ ರಾಜ್ಯ ಪುನರ್ವಿಂಗಡಣೆ, 1984ರಲ್ಲಿ ಜಿಲ್ಲೆಯ ರಚನೆ ಎಂಬ ಕ್ರಮ ನಮಗೆಲ್ಲ ಪರಿಚಿತವೇ ಆಗಿದೆ. ಆಳಿದವರು ಬದಲಾದರೂ ಈ ನೆಲದ ಕೋಟೆಗೂ ಗುಡಿಗೂ ಮನೆಗೂ ಬಾವಿಯ ಕಟ್ಟೆಗೂ ಒದಗಿಬಂದದ್ದು ಒಂದೇ ವಸ್ತು. ಅದು ನಾವು ಮುರಕಲ್ಲು, ಕೆಂಪುಕಲ್ಲು, ಜಂಬಿಟ್ಟಿಗೆ ಎಂದೆಲ್ಲ ಕರೆಯುವ, ಮಲೆಯಾಳದಲ್ಲಿ ಚೆಂಗಲ್ಲು ಅಥವಾ ವೆಟ್ಟುಕಲ್ಲು ಎನಿಸುವ ರಂಧ್ರಮಯವಾದ ಕೆಂಪು ಶಿಲೆ. ನೆಲದೊಳಗಿರುವಾಗ ಮೆದುವಾಗಿದ್ದು, ಹೊರಗೆ ಬಂದ ಮೇಲೆ ಗಾಳಿ ಬಿಸಿಲುಗಳಿಗೆ ಗಟ್ಟಿಯಾಗುವುದು ಈ ಕಲ್ಲಿನ ವಿಶೇಷ ಗುಣ. ಆ ಒಂದು ಗುಣವನ್ನು ಅರಿತು ಬಳಸಿದವರ ಚರಿತ್ರೆಯೂ ಈ ಜಿಲ್ಲೆಯ ಚರಿತ್ರೆಯ ಒಂದು ಭಾಗವೇ. ಅದನ್ನು ಸಂಗ್ರಹವಾಗಿ ನೋಡುವುದು ಈ ಲೇಖನದ ಉದ್ದೇಶ.

ಹೆಸರಿನ ಕಥೆ

ಶ್ರೀರಂಗಪಟ್ಟಣ ಪತನವಾದದ್ದು 1799ರಲ್ಲಿ. ಹೊಸದಾಗಿ ಕೈಸೇರಿದ ಸೀಮೆಗಳ ಬೆಳೆ, ಕಸುಬು, ಜನಜೀವನಗಳನ್ನು ನೋಡಿ ವರದಿಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ನೇಮಿಸಿದನು. ಬುಕಾನನ್ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿ ಮಲಬಾರಿಗೆ ಇಳಿದನು. ಆ ವರ್ಷದ ಡಿಸೆಂಬರಿನಲ್ಲಿ ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಡಿಪುರಂ ಎಂಬಲ್ಲಿ ತಂಗಿದ್ದಾಗ ಅಲ್ಲಿಯ ಕಟ್ಟಡಗಳ ಕಲ್ಲನ್ನು ಅವನು ವಿವರವಾಗಿ ವರ್ಣಿಸಿದ್ದಾನೆ. ಗಾಳಿ ತಾಗದಿರುವ ತನಕ ಅದು ಯಾವ ಕಬ್ಬಿಣದ ಆಯುಧಕ್ಕೂ ಸುಲಭವಾಗಿ ಬಾಗುವಷ್ಟು ಮೃದು. ಆದುದರಿಂದ ಚೌಕ ತುಂಡುಗಳಾಗಿ ಅಗೆದು ತೆಗೆದ ಕೂಡಲೇ ಕತ್ತಿ ಕರಣೆಗಳಿಂದ ಬೇಕಾದ ಆಕಾರಕ್ಕೆ ತರುತ್ತಾರೆ. ಆಮೇಲೆ ಬೇಗನೆ ಇಟ್ಟಿಗೆಯಂತೆ ಗಟ್ಟಿಯಾಗಿ, ತಾನು ಭಾರತದಲ್ಲಿ ಕಂಡ ಇಟ್ಟಿಗೆಗಳಿಗಿಂತಲೂ ಚೆನ್ನಾಗಿ ಗಾಳಿ ಮಳೆಗಳನ್ನು ತಡೆದುಕೊಳ್ಳುತ್ತದೆ ಎಂಬುದು ಅವನ ವಿವರಣೆಯ ಸಾರ. ಈ ಪ್ರವಾಸ ಕಥನ 1807ರಲ್ಲಿ ಲಂಡನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಆ ಕಲ್ಲಿಗೆ ಅವನು ಸೂಚಿಸಿದ ಹೆಸರೇ ಇಂದು ಜಗತ್ತಿನ ಎಲ್ಲ ಭೂವಿಜ್ಞಾನ ಗ್ರಂಥಗಳಲ್ಲಿ ಬಳಕೆಯಲ್ಲಿರುವ ‘ಲ್ಯಾಟರೈಟ್’.

ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಇಷ್ಟು ವಿಷಯವನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಬುಕಾನನ್ ತನ್ನ ಹೆಸರನ್ನು ಸೂಚಿಸುವುದಕ್ಕೆ ಮೊದಲೇ, ಇಲ್ಲಿಯ ಹಲವು ದೇಶಭಾಷೆಗಳಲ್ಲಿ ಜನರು ಇದನ್ನು ‘ಇಟ್ಟಿಗೆ ಕಲ್ಲು’ ಎಂದು ಕರೆಯುತ್ತಾರೆಂದು ದಾಖಲಿಸಿದ್ದಾನೆ. ಮಲೆಯಾಳದ ‘ಇಷ್ಟಿಕ’, ಕನ್ನಡದ ‘ಇಟ್ಟಿಗೆ’ ಎರಡಕ್ಕೂ ಮೂಲ ಒಂದೇ ಸಂಸ್ಕೃತ ಶಬ್ದ. ನಮ್ಮ ‘ಜಂಬಿಟ್ಟಿಗೆ’ಯಲ್ಲಿಯೂ ಅದೇ ಇಟ್ಟಿಗೆ ಅಡಗಿದೆ. ಅಂದರೆ ಬ್ರೆಜಿಲ್, ಆಫ್ರಿಕ, ಆಸ್ಟ್ರೇಲಿಯಗಳ ಮಣ್ಣನ್ನು ಕುರಿತು ಬರೆಯುವವರೂ ಇಂದು ಬಳಸುವ ಶಾಸ್ತ್ರೀಯ ನಾಮವು ಈ ಕರಾವಳಿಯ ಜನರ ಮಾತಿನ ಲ್ಯಾಟಿನ್ ಅನುವಾದವೇ ಆಗಿದೆ. ಕಲ್ಲು ಇಟ್ಟಿಗೆಯ ಹಾಗೆ ವರ್ತಿಸುತ್ತದೆ, ಮೊದಲು ಮೆದು ಆಮೇಲೆ ಗಟ್ಟಿ ಎಂಬ ಅರಿವು ಆ ಹೆಸರಿನೊಳಗೇ ಇದೆ. ಆ ಅರಿವು ಬುಕಾನನ್ ಬರುವುದಕ್ಕೆ ಬಹುಕಾಲ ಹಿಂದಿನದು.

1979ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅಂಗಡಿಪುರಂನಲ್ಲಿ ಇದರ ನೆನಪಿಗಾಗಿ ಸ್ಮಾರಕ ಫಲಕವನ್ನು ಸ್ಥಾಪಿಸಿತು. ಬುಕಾನನ್ ಅಲ್ಲಿಂದ ಉತ್ತರಕ್ಕೆ ನಡೆದು 1801ರ ಜನವರಿಯಲ್ಲಿ ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರಗಳನ್ನು ಹಾದು ಮಂಗಳೂರಿಗೆ ಹೋದನು. ಚಂದ್ರಗಿರಿ ಹೊಳೆಯನ್ನು ಮಲೆಯಾಳಕ್ಕೂ ತುಳುವಕ್ಕೂ ನಡುವಣ ಎಲ್ಲೆಯೆಂದು ಅವನು ಗುರುತಿಸಿದ್ದು ನಮ್ಮ ಗಡಿಯ ಚರ್ಚೆಗಳಲ್ಲಿ ಆಗಾಗ ಉಲ್ಲೇಖಗೊಳ್ಳುತ್ತದೆ. ಹೊಳೆಯ ಎರಡೂ ದಡಗಳಲ್ಲಿ ಮಾತು ಬೇರೆಯಾದರೂ ಕಲ್ಲು ಒಂದೇ ಎಂಬುದನ್ನೂ ಅದರೊಂದಿಗೆ ನಾವು ನೆನೆಯಬಹುದು.

ಗಟ್ಟಿಯಾಗುವ ಬಗೆ

ಈ ಕಲ್ಲು ಗಟ್ಟಿಯಾಗುವುದೇಕೆ? ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ. ಉಳಿದ ತಿಂಗಳುಗಳಲ್ಲಿ ಕಡುಬಿಸಿಲು. ಈ ಎರಡರ ಸರದಿಗೆ ಸಿಕ್ಕಿದ ಮೂಲಶಿಲೆ ಲಕ್ಷಾಂತರ ವರ್ಷಗಳಲ್ಲಿ ಸವೆದು ಕರಗುತ್ತದೆ. ಸುಣ್ಣ, ಸೋಡ, ಪೊಟ್ಯಾಷ್‌ಗಳ ಅಂಶ ಮೊದಲು ತೊಳೆದುಹೋಗುತ್ತದೆ. ಸಿಲಿಕದ ಬಹುಭಾಗ ಆಮೇಲೆ. ಕರಗಲೊಲ್ಲದ ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳು ಮಾತ್ರ ಜೇಡಿಯೊಂದಿಗೆ ಉಳಿಯುತ್ತವೆ. ಅಲ್ಯುಮಿನಿಯಂ ವಿಶೇಷವಾಗಿ ಉಳಿದ ಕಡೆ ಅದೇ ಬಾಕ್ಸೈಟ್ ಆಗುತ್ತದೆ. ಕಾರಡ್ಕ, ಮುಳ್ಳೇರಿಯ, ನೀಲೇಶ್ವರ ಪರಿಸರದಲ್ಲಿ ಬಾಕ್ಸೈಟ್ ನಿಕ್ಷೇಪಗಳಿರುವುದಕ್ಕೆ ಇದೇ ಕಾರಣ.

ನೆಲದೊಳಗೆ ತೇವದಲ್ಲಿರುವಾಗ ಕಬ್ಬಿಣದ ಆಕ್ಸೈಡುಗಳು ನೀರನ್ನು ಹಿಡಿದುಕೊಂಡು, ಜೇಡಿಯ ಕಣಗಳ ನಡುವೆ ಸಡಿಲವಾಗಿ ಹರಡಿಕೊಂಡಿರುತ್ತವೆ. ಕಲ್ಲನ್ನು ಕಡಿದು ಹೊರಗಿಟ್ಟಾಗ ನೀರು ಆರುತ್ತದೆ. ಆಗ ಈ ಆಕ್ಸೈಡುಗಳು ಗೋಯಥೈಟ್, ಹೆಮಟೈಟ್ ಎಂಬ ಹರಳುಗಳಾಗಿ ಒಂದನ್ನೊಂದು ಹೆಣೆದುಕೊಂಡು ಜೇಡಿಯನ್ನು ಬಲೆಯಂತೆ ಬಿಗಿಯುತ್ತವೆ. ಬಲೆ ಒಮ್ಮೆ ಹೆಣೆದ ಮೇಲೆ ಮತ್ತೆ ನೀರು ಹಾಕಿದರೂ ಬಿಚ್ಚುವುದಿಲ್ಲ. ಒಣಗಿದ ಜೇಡಿಮಣ್ಣಿನ ಹೆಂಟೆಗೂ ಆರಿದ ಮುರಕಲ್ಲಿಗೂ ಇರುವ ವ್ಯತ್ಯಾಸ ಇದೇ. ಹೆಂಟೆ ಮಳೆಗೆ ಕರಗಿ ಮತ್ತೆ ಕೆಸರಾಗುತ್ತದೆ, ಮುರಕಲ್ಲು ಹಿಂದಿರುಗದು.

ಕಟ್ಟುವ ವಸ್ತುಗಳು ಗಟ್ಟಿಯಾಗುವ ದಾರಿಗಳು ಹಲವು. ಆಚಾರಿಯು ಕತ್ತಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಹದ ಕೊಡುತ್ತಾನೆ. ಅಲ್ಲಿ ಉಕ್ಕನ್ನು ಗಟ್ಟಿಮಾಡುವುದು ಬೆಂಕಿ ಮತ್ತು ಹಠಾತ್ತಾದ ತಂಪು. ಸಿಮೆಂಟು ನೀರಿನೊಂದಿಗೆ ಬೆರೆತು ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಆದುದರಿಂದಲೇ ಕಾಂಕ್ರೀಟನ್ನು ಒಣಗಲು ಬಿಡದೆ ದಿನಗಟ್ಟಲೆ ನೀರುಣಿಸಬೇಕು, 28 ದಿನಗಳ ಬಲವನ್ನು ಲೆಕ್ಕಕ್ಕೆ ಹಿಡಿಯಬೇಕು. ಕರಾವಳಿಯ ಹಳೆಯ ಕಟ್ಟಡಗಳಲ್ಲಿ ಬಳಸಿದ ಚಿಪ್ಪಿನ ಸುಣ್ಣದ ಗಾರೆಯು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮರಳಿ ಸುಣ್ಣಕಲ್ಲೇ ಆಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಲ್ಲಿ ಹೊಳೆಯ ಜೇಡಿಯು ಗೂಡಿನ ಬೆಂಕಿಯಲ್ಲಿ ಬೆಂದು ಗಟ್ಟಿಯಾಯಿತು. ಹೀಗೆ ನೋಡಿದರೆ ಕಾಸರಗೋಡಿನ ಹಳೆಯ ಒಂದು ಮನೆಯಲ್ಲಿ ಗಾಳಿಗೆ ಆರಿದ ಗೋಡೆ, ಗಾಳಿಯನ್ನು ಹೀರಿ ಬಿಗಿದ ಸುಣ್ಣ, ಬೆಂಕಿಯಲ್ಲಿ ಬೆಂದ ಮಾಡಿನ ಹಂಚು ಮೂರೂ ಒಟ್ಟಿಗೆ ಕೂಡಿದ್ದವು. ಈ ಮೂರರಲ್ಲಿ ಸೌದೆಯ ಖರ್ಚೇ ಇಲ್ಲದೆ ಗಟ್ಟಿಯಾದದ್ದು ಗೋಡೆಯ ಕಲ್ಲು ಒಂದೇ.

ಅನಂತಪುರದ ಸರೋವರ ಕ್ಷೇತ್ರವನ್ನೂ ಈ ಸಂದರ್ಭದಲ್ಲಿ ಸ್ಮರಿಸಬೇಕು. ಕುಂಬಳೆಯ ಸಮೀಪ ಮುರಕಲ್ಲಿನ ಹರವಿನ ನಡುವೆ ಇರುವ ಈ ಗುಡಿಯ ಮೂಲ ವಿಗ್ರಹಗಳು ಶಿಲೆಯವೂ ಅಲ್ಲ, ಲೋಹದವೂ ಅಲ್ಲ. 70ಕ್ಕೂ ಹೆಚ್ಚು ದ್ರವ್ಯಗಳನ್ನು ಕೂಡಿಸುವ ಕಡುಶರ್ಕರ ಪಾಕದವು. ಮರದ ಚೌಕಟ್ಟಿನ ಮೇಲೆ ನಾರು, ಬಗೆಬಗೆಯ ಮಣ್ಣು, ಅಂಟುಗಳನ್ನು ಪದರಪದರವಾಗಿ ಹಚ್ಚಿ ಆರಿಸಿ ಗಟ್ಟಿಮಾಡುವ ವಿಧಾನವದು. 1972ರಲ್ಲಿ ಅಲ್ಲಿಗೆ ಪಂಚಲೋಹದ ವಿಗ್ರಹಗಳು ಬಂದವು. ಆರಿಸಿ ಗಟ್ಟಿಮಾಡುವ ವಿದ್ಯೆ ಇಲ್ಲಿ ಕಲ್ಲುಕೋರೆಯಿಂದ ಗರ್ಭಗುಡಿಯವರೆಗೂ ಹಬ್ಬಿತ್ತು ಎಂಬುದಕ್ಕೆ ಇದು ಸಾಕ್ಷಿ.

ಕಡಿದವರು, ಕಟ್ಟಿದವರು

ಈ ಕಲ್ಲನ್ನು ಬಳಸಿದ ಅತಿ ಹಳೆಯ ಗುರುತುಗಳು ಜಿಲ್ಲೆಯ ದಕ್ಷಿಣ ಭಾಗದಲ್ಲಿ, ನೀಲೇಶ್ವರದ ಸುತ್ತಮುತ್ತ ದೊರೆತಿವೆ. ಅವು ಬೃಹತ್ ಶಿಲಾಯುಗದ ಜನರು ಮುರಕಲ್ಲಿನಲ್ಲಿ ಕೊರೆದ ಸಮಾಧಿಗುಹೆಗಳು. ಕಿರಿದಾದ ಬಾಗಿಲು, ಒಳಗೆ ಗುಮ್ಮಟದಂತೆ ಬಾಗಿದ ಛಾವಣಿ. ಕಬ್ಬಿಣದ ಆಯುಧಗಳು ಬಳಕೆಗೆ ಬಂದ ಆ ಕಾಲದಲ್ಲಿ ಗಟ್ಟಿ ಕಗ್ಗಲ್ಲಿನಲ್ಲಿ ಇಂತಹ ಕೋಣೆಯನ್ನು ಕೊರೆಯುವುದು ದುಸ್ಸಾಧ್ಯ. ಮೆದುವಾದ ಕಲ್ಲು ಸುಲಭವಾಗಿ ಕೊರೆಸಿಕೊಂಡಿತು. ಕೊರೆದ ಮೈಗೆ ಗಾಳಿ ತಾಗಿ ಗಟ್ಟಿಯಾದುದರಿಂದ ಕೋಣೆ ಎರಡು ಸಾವಿರ ವರ್ಷ ಉಳಿಯಿತು. ಅದೇ ಗುಣವನ್ನು ನಂಬಿ 20ನೆಯ ಶತಮಾನದಲ್ಲಿ ಸ್ವಾಮಿ ನಿತ್ಯಾನಂದರ ಕಾಲದಲ್ಲಿ ಹೊಸದುರ್ಗದ ಕೋಟೆಯ ಇಳಿಜಾರಿನಲ್ಲಿ 45 ಗುಹೆಗಳನ್ನು ಕಡಿಯಲಾಯಿತು. ನಡುವೆ ಎರಡು ಸಹಸ್ರಮಾನಗಳ ಅಂತರವಿದ್ದರೂ ಕಲ್ಲು ಮತ್ತು ಕೌಶಲಗಳ ಸಂಬಂಧ ಬದಲಾಗಲಿಲ್ಲ.

ಕೋಟೆಗಳ ಕಾಲ 17ನೆಯ ಶತಮಾನದಲ್ಲಿ ಬಂತು. 1645ರಿಂದ 1660ರ ವರೆಗೆ ಆಳಿದ ಇಕ್ಕೇರಿಯ ಶಿವಪ್ಪ ನಾಯಕನು ತುಳುವ ಸೀಮೆಯನ್ನು ದಾಟಿ ದಕ್ಷಿಣಕ್ಕೆ ತನ್ನ ಅಧಿಕಾರವನ್ನು ವಿಸ್ತರಿಸಿದನು. ಬೇಕಲ, ಚಂದ್ರಗಿರಿ, ಕುಂಬಳೆಯ ಆರಿಕ್ಕಾಡಿ, ಹೊಸದುರ್ಗ ಎಂಬ ಕೋಟೆಗಳ ಸಾಲು ಇಕ್ಕೇರಿ ನಾಯಕರ ಕಾಲದ್ದು. ಚಂದ್ರಗಿರಿ ಕೋಟೆಯನ್ನು ಶಿವಪ್ಪ ನಾಯಕನೇ ಕಟ್ಟಿಸಿದನೆಂದು ಬುಕಾನನ್ ಕೇಳಿ ಬರೆದಿದ್ದಾನೆ. ಇವುಗಳಲ್ಲಿ ಬೇಕಲವು ಸುಮಾರು 40 ಎಕರೆ ವಿಸ್ತಾರದ್ದು, ಕೇರಳದ ಕೋಟೆಗಳಲ್ಲಿ ಅತಿ ದೊಡ್ಡದು. 1763ರಲ್ಲಿ ಕೆಳದಿಯ ರಾಜ್ಯ ಹೈದರಾಲಿಯ ವಶವಾದಾಗ ಈ ಕೋಟೆಗಳೂ ಮೈಸೂರಿನ ಕೈಸೇರಿದವು, ಆಮೇಲೆ ಕಂಪೆನಿಗೆ. ಕೆಲಕಾಲ ಬೇಕಲವೇ ತಾಲೂಕಿನ ಹೆಸರೂ ಆಗಿತ್ತು.

ಮಲೆನಾಡಿನಲ್ಲಿ ಕಗ್ಗಲ್ಲಿನ ಕೆಲಸ ಬಲ್ಲ ನಾಯಕರು ಕಡಲ ತಡಿಯಲ್ಲಿ ಕೆಂಪುಕಲ್ಲನ್ನು ಆಯ್ದುದಕ್ಕೆ ಕಾರಣ ಊಹಿಸಲು ಕಷ್ಟವಿಲ್ಲ. ಕಲ್ಲು ಕೋಟೆಯ ಜಾಗದಲ್ಲಿಯೇ ಸಿಗುತ್ತದೆ. ಕಂದಕ ಅಗೆದಾಗ ಹೊರಬಂದದ್ದೇ ಗೋಡೆಯ ಕಲ್ಲಾಗುತ್ತದೆ. ಕಡಿಯಲು ಉಳಿ ಸುತ್ತಿಗೆಗಳ ದೀರ್ಘ ಶ್ರಮ ಬೇಡ. ಉದ್ದ ಹಿಡಿಯ ಕೊಡಲಿಯೂ ಪಿಕ್ಕಾಸಿಯೂ ಸಾಕು. ಕಡಿದ ಕಲ್ಲನ್ನು ಗಾಳಿಗಿಟ್ಟು ಕಾಯುವ ತಾಳ್ಮೆ ಮಾತ್ರ ಬೇಕು. ಹೊಸ ಕಲ್ಲನ್ನು ಕೂಡಲೇ ಗೋಡೆಗೇರಿಸಬಾರದು, ಕೆಲವು ತಿಂಗಳು ಹೊರಗೆ ಒಟ್ಟಿ ಹದಗೊಳಿಸಬೇಕು ಎಂಬ ನಿಯಮವನ್ನು ಮೇಸ್ತ್ರಿಗಳು ಪಾಲಿಸುತ್ತ ಬಂದರು. ಕಟ್ಟಡ ಕಾಮಗಾರಿಯ ಇಂದಿನ ಕೈಪಿಡಿಗಳಲ್ಲಿಯೂ ಅದೇ ನಿಯಮ ಸೇರಿಕೊಂಡಿದೆ. 1979ರ ಭಾರತೀಯ ಮಾನಕವು ಗೋಡೆಯ ಮುರಕಲ್ಲಿಗೆ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳುವ ಬಲವನ್ನು ವಿಧಿಸುತ್ತದೆ. ಕಗ್ಗಲ್ಲಿನ ಬಲಕ್ಕೆ ಹೋಲಿಸಿದರೆ ಇದು ಅತ್ಯಲ್ಪ. ಆದರೂ ದಪ್ಪ ಗೋಡೆಯಾಗಿ ಕಟ್ಟಿದಾಗ ಕೋಟೆಗೂ ಮಹಡಿಯ ಮನೆಗೂ ಅಷ್ಟು ಸಾಕು. ಕಾಂಬೋಡಿಯದ ಅಂಗ್‌ಕೋರ್ ದೇವಾಲಯಗಳ ತಳಪಾಯ ಮತ್ತು ಪ್ರಾಕಾರಗಳಿಗೆ ಖ್ಮೇರ್ ಅರಸರು ಬಳಸಿದ್ದೂ ಇದೇ ಜಾತಿಯ ಕಲ್ಲನ್ನು.

ಕಟ್ಟಡಗಳಷ್ಟೇ ಮುಖ್ಯವಾದ ಇನ್ನೊಂದು ನಿರ್ಮಾಣವೆಂದರೆ ಸುರಂಗ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲಿ ಹರಿದರೂ ಬೇಸಗೆಯಲ್ಲಿ ಗುಡ್ಡದ ಮೇಲಿನ ಮನೆಗಳಿಗೆ ನೀರಿಲ್ಲ. ಬಾಯಾರು, ಪಡ್ರೆ, ಎಣ್ಮಕಜೆ ಮೊದಲಾದ ಊರುಗಳಲ್ಲಿ ಜನರು ಗುಡ್ಡದ ಪಕ್ಕದಿಂದ ಅಡ್ಡಲಾಗಿ ಸುರಂಗ ಕೊರೆದು, ನೀರು ತಾನಾಗಿ ಹೊರಗೆ ಹರಿದು ಬರುವಂತೆ ಮಾಡಿದರು. ಇರಾನಿನ ಕನಾತ್‌ಗಳನ್ನು ನೆನಪಿಸುವ ಈ ಸುರಂಗಗಳು ಸುಮಾರು 45ರಿಂದ 70 ಸೆಂಟಿಮೀಟರ್ ಅಗಲ, 2 ಮೀಟರಿನಷ್ಟು ಎತ್ತರ. ಒಬ್ಬನು ನಡೆದು ಹೋಗುವಷ್ಟು ಜಾಗ. ಗುಡ್ಡದ ನೆತ್ತಿಯಲ್ಲಿ ಗಟ್ಟಿಯಾದ ಮುರದ ಚಿಪ್ಪು. ಅದರ ಕೆಳಗೆ ಕಡಿಯಬಹುದಾದ ಮೆದು ಮುರ. ಅದಕ್ಕೂ ಕೆಳಗೆ ನೀರನ್ನು ಇಳಿಯಗೊಡದ ಶೇಡಿಮಣ್ಣು. ರಂಧ್ರಗಳ ಮೂಲಕ ಇಳಿದ ಮಳೆನೀರು ಶೇಡಿಯ ಮೇಲೆ ನಿಲ್ಲುತ್ತದೆ. ಆ ನೀರನ್ನು ಮುಟ್ಟುವಲ್ಲಿಗೆ ಕೊರೆಯುವುದೇ ಸುರಂಗ ತೋಡುವವರ ವಿದ್ಯೆ. ಒಳಗೆ ಕಂಬವಿಲ್ಲ, ಕಮಾನಿಲ್ಲ. ಮುರದ ಗೋಡೆ ತನ್ನನ್ನು ತಾನೇ ಹೊತ್ತು ನಿಲ್ಲುತ್ತದೆ. ಮೆದು ಮಣ್ಣು ಎದುರಾದರೆ ಅದು ಕುಸಿಯುತ್ತದೆಯೋ ನಿಲ್ಲುತ್ತದೆಯೋ ಎಂಬುದನ್ನು ಪಿಕ್ಕಾಸಿಯ ಏಟಿನ ಸದ್ದಿನಿಂದಲೇ ತಿಳಿಯಬೇಕು; ತಪ್ಪಿದರೆ ಜೀವಕ್ಕೇ ಅಪಾಯ. ನೆರೆಯ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಐದು ಸುರಂಗಗಳಲ್ಲಿ ನೀರು ಸಿಗದೆ ಆರನೆಯದರಲ್ಲಿ ಸಿಕ್ಕಿತು. ಅಲ್ಲಿ ಅಡಿಕೆ ತೆಂಗುಗಳ ತೋಟವೆದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಾಗ ಗೌರವ ಸಂದದ್ದು ಹೆಸರಿಲ್ಲದೆ ಮಡಿದ ಎಷ್ಟೋ ಸುರಂಗಕಾರರಿಗೂ ಹೌದು.

ಗಟ್ಟಿತನದ ಮಿತಿ

ಮುರಕಲ್ಲು ಗಟ್ಟಿಯಾಗುತ್ತದೆ ಎಂಬ ನಂಬಿಕೆಗೂ ಒಂದು ಮಿತಿಯಿದೆ. ಗೋವೆಯ ಬೊಮ್ ಜೀಸಸ್ ಇಗರ್ಜಿ ಇದಕ್ಕೆ ಪ್ರಸಿದ್ಧ ಉದಾಹರಣೆ. 1605ರಲ್ಲಿ ಪೂರ್ಣಗೊಂಡ ಆ ಕಟ್ಟಡಕ್ಕೆ ಮೊದಲು ಸುಣ್ಣದ ಗಿಲಾವು ಇತ್ತು. 1950ರ ದಶಕದಲ್ಲಿ, ಕಲ್ಲಿನ ಬಣ್ಣ ಕಾಣಲಿ ಎಂದು ಅದನ್ನು ಕಿತ್ತುಹಾಕಲಾಯಿತು. ಅಲ್ಲಿಂದೀಚೆಗೆ ಮಳೆಗೆ ನೇರವಾಗಿ ಒಡ್ಡಿಕೊಂಡ ಕಲ್ಲು ಸವೆಯುತ್ತಿದ್ದು, ಗಿಲಾವನ್ನು ಮರಳಿ ಹಾಕಬೇಕೇ ಎಂಬ ಚರ್ಚೆ ಇಂದಿಗೂ ನಡೆದಿದೆ. ಗಾಳಿ ಗಟ್ಟಿಗೊಳಿಸಿದ್ದನ್ನು ಮಳೆ ಮತ್ತೆ ನಿಧಾನವಾಗಿ ಕೊರೆಯುತ್ತದೆ. ನಮ್ಮ ಹಿರಿಯರು ಗೋಡೆಗೆ ಸುಣ್ಣ ಬಳಿದದ್ದೂ, ಮಾಡನ್ನು ಗೋಡೆಯಿಂದ ಬಹುದೂರ ಹೊರಚಾಚಿ ಇಳಿಸಿದ್ದೂ ಚೆಂದಕ್ಕಾಗಿ ಮಾತ್ರವಲ್ಲ.

ಇನ್ನೊಂದು ಉದಾಹರಣೆ ನಮ್ಮ ಕಣ್ಣೆದುರಿನದು. ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಗಳಾಗಿ ಅಗಲಿಸುವಾಗ ಜಿಲ್ಲೆಯ ಹಲವು ಗುಡ್ಡಗಳನ್ನು ಕಡಿದಾಗಿ ಕತ್ತರಿಸಲಾಯಿತು. 2025ರ ಜುಲೈಯ ಮಳೆಗೆ ಚೆರುವತ್ತೂರಿನ ವೀರಮಲ ಗುಡ್ಡ ಹೆದ್ದಾರಿಗೆ ಕುಸಿದುಬಿತ್ತು. ಮುರಕಲ್ಲಿನ ಗುಡ್ಡವೆಂದರೆ ಬುಡದಿಂದ ತುದಿಯವರೆಗೆ ಒಂದೇ ಗಟ್ಟಿ ಕಲ್ಲಲ್ಲ. ಮೇಲಿನ ಚಿಪ್ಪು ಗಟ್ಟಿ, ಕೆಳಗಿನ ಶೇಡಿ ಮೆದು. ಆ ಮೆದು ಪದರವನ್ನು ಬಯಲು ಮಾಡಿದಾಗ ಮಳೆಯ ನೀರು ಒಳಸೇರಿ ಅದು ಜಾರುತ್ತದೆ. ಗಟ್ಟಿಗೊಳಿಸುವ ಅಂಶವಾದ ಕಬ್ಬಿಣ ಶೇಡಿಯಲ್ಲಿ ಅಷ್ಟಾಗಿ ಇಲ್ಲದಿರುವುದರಿಂದ ಎಷ್ಟು ಕಾಲ ಬಿಟ್ಟರೂ ಅದು ಕಲ್ಲಾಗದು. ಈಗ ಅಂತಹ ಇಳಿಜಾರುಗಳಿಗೆ ಉಕ್ಕಿನ ಸರಳುಗಳನ್ನು ಬಡಿದು ಸಿಮೆಂಟು ಎರಚುವ ಕ್ರಮ ಬಂದಿದೆ. ನಿಸರ್ಗ ಗಟ್ಟಿಗೊಳಿಸದ ಜಾಗವನ್ನು ಮನುಷ್ಯನು ಗಟ್ಟಿಗೊಳಿಸಲು ಹೊರಟಾಗ ಎಷ್ಟು ಖರ್ಚಾಗುತ್ತದೆಂಬುದನ್ನು ಆ ಗೋಡೆಗಳು ತೋರಿಸುತ್ತವೆ. ಸುರಂಗ ತೋಡುವವರು ಪದರಪದರವಾಗಿ ಬಲ್ಲ ಈ ವಿಷಯ ಹೆದ್ದಾರಿಯ ನಕಾಶೆಗಳಲ್ಲಿಯೂ ಮೊದಲೇ ಸೇರಿರಬೇಕಿತ್ತು.

ಕಲ್ಲುಕೋರೆಗಳ ಪ್ರಶ್ನೆಯೂ ಇದರೊಂದಿಗೆ ಸೇರಿದೆ. ಕೈಯಿಂದ ಕಡಿಯುವ ಕಾಲದಲ್ಲಿ ಒಂದು ಮನೆಗೆ ಬೇಕಾದಷ್ಟು ಕಲ್ಲು ಆ ಮನೆಯ ಹಿತ್ತಲಿನಲ್ಲೇ ಸಿಗುತ್ತಿತ್ತು. ಅಗೆದ ಹೊಂಡ ನೀರಿಂಗುವ ಮದಕವಾಗುತ್ತಿತ್ತು. ಇಂದು ಗರಗಸದ ಯಂತ್ರಗಳು ಇಡೀ ಪದವುಗಳನ್ನು ಹಲಗೆ ಹಲಗೆಯಾಗಿ ಕತ್ತರಿಸಿ ಲಾರಿಗೇರಿಸುತ್ತವೆ. ಗುಡ್ಡದ ನೆತ್ತಿಯ ಮುರವೇ ಮಳೆನೀರನ್ನು ಹಿಡಿದಿಡುವ ಪಾತ್ರೆ. ಪಾತ್ರೆಯನ್ನೇ ತುಂಡರಿಸಿ ಮಾರಿದ ಮೇಲೆ ಕೆಳಗಿನ ಸುರಂಗಕ್ಕೆ ನೀರು ಎಲ್ಲಿಂದ ಬರಬೇಕು? ಲಕ್ಷಾಂತರ ವರ್ಷಗಳಲ್ಲಿ ಉಂಟಾದ ಪದರ ಕಡಿದ ಮೇಲೆ ನಮ್ಮ ಕಾಲದಲ್ಲಿ ಮತ್ತೆ ಬೆಳೆಯದು. ಗಟ್ಟಿಯಾದ ಕಲ್ಲು ಮರಳಿ ಮೆದುವಾಗದಂತೆಯೇ ಗುಡ್ಡವೂ ಮರಳಿ ಬಾರದು.

ಇದಕ್ಕೆ ಪರ್ಯಾಯ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಅದುಮಿ, ಸುಡದೆಯೇ ಗಟ್ಟಿ ಇಟ್ಟಿಗೆಗಳನ್ನು ಮಾಡುವ ಕ್ರಮವನ್ನು ಬೆಳೆಸಿತು. ಕಲ್ಲು ಕಡಿಯುವಾಗ ಪುಡಿಯಾಗಿ ವ್ಯರ್ಥವಾಗುವ ಕೆಂಪುಮಣ್ಣೂ ಹೀಗೆ ಗೋಡೆಯಾಗಬಲ್ಲದು. ಹಳೆಯ ಮನೆಗಳನ್ನು ಕೆಡಹುವಾಗ ಸಿಗುವ ಮುರಕಲ್ಲು ಹೊಸ ಕಲ್ಲಿಗಿಂತ ಹೆಚ್ಚು ಆರಿದ್ದು, ಹೆಚ್ಚು ನಂಬಿಕೆಯದು ಎಂಬುದನ್ನು ಯಾವ ಅನುಭವಿ ಮೇಸ್ತ್ರಿಯೂ ಒಪ್ಪಿಯಾನು.

ಈ ಸ್ಮರಣ ಸಂಚಿಕೆಯು ಕನ್ನಡ ಸಾಹಿತ್ಯ ಸಮ್ಮೇಳನದ್ದು. ಕಲ್ಲಿನ ಮಾತು ಇಲ್ಲೇಕೆ ಎಂದು ವಾಚಕರು ಕೇಳಬಹುದು. ಕಾಸರಗೋಡಿನಲ್ಲಿ ಕನ್ನಡವನ್ನು ಉಳಿಸಬೇಕೆಂದು ನಾವು ಹೇಳುವಾಗ ಗ್ರಂಥಗಳ, ಶಾಲೆಗಳ ಕನ್ನಡ ಮಾತ್ರ ನಮ್ಮ ಕಣ್ಣ ಮುಂದಿರುತ್ತದೆ. ಮುರ, ಪದವು, ಶೇಡಿ, ಮದಕ, ಸುರಂಗ, ಜಂಬಿಟ್ಟಿಗೆ ಎಂಬ ಶಬ್ದಗಳಲ್ಲಿ ನೆಲದ ಪದರಗಳನ್ನೂ ನೀರಿನ ದಾರಿಯನ್ನೂ ಕಲ್ಲಿನ ಹದವನ್ನೂ ಬಲ್ಲವರ ಅನುಭವ ಅಡಗಿದೆ. ತುಳು, ಕನ್ನಡ, ಮಲೆಯಾಳ ಮೂರೂ ಕೂಡಿ ಬೆಳೆಸಿದ ಪದಸಂಪತ್ತದು. ಇಂತಹ ಒಂದು ಮಾತನ್ನು ಕೇಳಿಸಿಕೊಂಡ ಪರದೇಶಿಯೊಬ್ಬನು ಅದನ್ನು ಲ್ಯಾಟಿನ್‌ಗೆ ತಿರುಗಿಸಿ ಜಗತ್ತಿಗೆ ಕೊಟ್ಟನು. ಅಂತಹ ಮಾತುಗಳು ಇನ್ನೆಷ್ಟೋ ಇವೆ. ಕಲ್ಲು ಕಡಿದವರೂ ಸುರಂಗ ತೋಡಿದವರೂ ನಮ್ಮ ನಡುವೆ ಇರುವಾಗಲೇ ನಮ್ಮ ಸಂಘಗಳೂ ಶಾಲಾ ಕಾಲೇಜುಗಳ ಕನ್ನಡ ವಿಭಾಗಗಳೂ ಊರೂರಿಗೆ ಹೋಗಿ ಆ ಶಬ್ದಗಳನ್ನು ಅವುಗಳ ಅರ್ಥವಿವರಣೆಯೊಂದಿಗೆ ಬರೆದಿಟ್ಟುಕೊಳ್ಳಲಿ. ಉಳಿದಿರುವ ಸುರಂಗಗಳ, ಪದವುಗಳ ಪಟ್ಟಿಯೂ ಅದರೊಂದಿಗೆ ಸಿದ್ಧವಾಗಲಿ. ಕೋಟೆಗಳ ರಕ್ಷಣೆಗೆ ಪುರಾತತ್ತ್ವ ಇಲಾಖೆಯಿದೆ. ಈ ಅರಿವಿನ ರಕ್ಷಣೆ ನಮ್ಮ ಹೊಣೆ.